ಇಸ್ಲಾವ್ ಮುಚ್ಚಿಟ್ಟ ಕೈ

ನಮ್ಮ ದ್ವೀಪದ ಲಾ ಪಾಸ್ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಬೆಳಗಾದರೆ ಜನ ಮೊದಲು ಕಾಫಿಗೆ ನೀರಿಡುತ್ತಾರೆ, ಆಮೇಲೆ ನೆರೆಮನೆಯ ಮೇಲೆ ಕಣ್ಣಿಡುತ್ತಾರೆ. ಇಸ್ಲಾವ್ ಎರಡನ್ನೂ ಬಿಟ್ಟಿದ್ದ. ಎದ್ದವನೇ ಕಿಟಕಿಯ ಬೆಳಕಿಗೆ ಬಲಗೈ ಚಾಚಿ, ಬ್ರೆಡ್ಡು ಕಟ್ಟಿ ತಂದ ತೆಳು ಕಾಗದವನ್ನು ಅದರ ಮೇಲೆ ಹರಡಿ, ಉಸಿರು ಬಿಗಿಹಿಡಿದು ನೋಡುತ್ತಿದ್ದ. ಕಾಗದ ಸುಮ್ಮನಿದ್ದರೆ ಆ ದಿನ ತನ್ನದು. ಅಂಚು ಪಟಪಟ ಎಂದರೆ ಕಾಗದವನ್ನು ಮುದುಡಿ ಮಂಚದ ಕೆಳಗೆ ಎಸೆಯುತ್ತಿದ್ದ. ಹೆಂಡತಿ ಸಾಲ್ವಿಂಗ್ ಅಷ್ಟು ಹೊತ್ತಿಗಾಗಲೇ ಮಾರುಕಟ್ಟೆಯ ತನ್ನ ಅಂಗಡಿಯಲ್ಲಿ ಬಾಚೋಯ್ ಸಾರಿಗೆ ಮೂಳೆ ಕುದಿಸುತ್ತಿರುತ್ತಿದ್ದಳು. ಹಾಗಾಗಿ ಈ ಪರೀಕ್ಷೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ನಲವತ್ತಾರು ವರ್ಷದ ಇಸ್ಲಾವ್ ಪೂಲ್ ಆಟಗಾರ. ಶೋಕಿಗೆ ಆಡುವವನಲ್ಲ, ಹೊಟ್ಟೆಪಾಡೇ ಅದು. ನಮ್ಮ ದ್ವೀಪಗಳಲ್ಲಿ ಓಣಿಗೊಂದು ಪೂಲ್ ಮೇಜು, ಮೇಜಿಗೊಬ್ಬ ಶೂರ. ಅಂಥ ಸಾವಿರ ಶೂರರ ನಡುವೆ ಎದ್ದು ನಿಂತು ಕೋಲು ಹಿಡಿದೇ ಮನೆ ನಡೆಸುವುದೆಂದರೆ ಸಾಮಾನ್ಯವಲ್ಲ. ಅವನು ಬಕೋಲೋದ್, ಸೆಬು, ಮನಿಲಾ ದಾಟಿ ತೈಪೆ, ದೋಹಾದವರೆಗೂ ಹೋಗಿ ಆಡಿ ಬಂದಿದ್ದ. ಅವನನ್ನು ಎಲ್ಲರೂ 'ಹಿನಾಯ್' ಎಂದು ಕರೆಯುತ್ತಿದ್ದರು, ನಿಧಾನಿ ಅಂತ. ಚೆಂಡಿನ ಮುಂದೆ ಬಗ್ಗಿದರೆ ಕೋಲನ್ನು ಹಿಂದೆ ಮುಂದೆ ಆಡಿಸುತ್ತಾ ಅಷ್ಟು ಹೊತ್ತು ನಿಲ್ಲುತ್ತಿದ್ದ, ಎದುರಾಳಿಗೆ ತೂಕಡಿಕೆ ಬರುತ್ತಿತ್ತು. ಹೊಡೆದ ಮೇಲೆ ಮಾತ್ರ ಚೆಂಡಿಗೆ ಬೇರೆ ದಾರಿ ಇರುತ್ತಿರಲಿಲ್ಲ. ಒಂದೇ ಒಂದು ಆಸೆ ಬಾಕಿ ಉಳಿದಿತ್ತು. ದೇಶದ ತಂಡದ ಅಂಗಿ ತೊಟ್ಟು, ಬೆನ್ನ ಮೇಲೆ ದೇಶದ ಹೆಸರು ಹೊತ್ತು ಒಮ್ಮೆ ಆಡಬೇಕು. ಎರಡು ಸಲ ಹೊಸ್ತಿಲವರೆಗೆ ಹೋಗಿ ಎಡವಿದ್ದ. ಈ ವರ್ಷದ ಆಯ್ಕೆ ಬಿಟ್ಟರೆ ಇನ್ನು ಆ ಬಾಗಿಲು ತೆರೆಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಸರಿಯಾಗಿ ಈ ವರ್ಷವೇ ಕೈ ಹೀಗೆ ಮಾಡಬೇಕೆ?

ನಮ್ಮ ಕಡೆ ಕೈ ನಡುಗಿದರೆ ಅದಕ್ಕೆ ಇರುವುದು ಒಂದೇ ಹೆಸರು, ಪಾಸ್ಮಾ. ದುಡಿದು ಕಾದ ನರಕ್ಕೆ ತಣ್ಣೀರು ಸೋಕಿದರೆ ಅದು ಹಿಡಿದುಕೊಳ್ಳುತ್ತದೆ. ಇಸ್ತ್ರಿ ಹಾಕಿದ ಹೆಂಗಸು ಪಾತ್ರೆ ತೊಳೆಯುವುದಿಲ್ಲ, ಪೂಲ್ ಆಡಿದ ಗಂಡಸು ಕೈ ತೊಳೆಯುವುದಿಲ್ಲ. ಡಾಕ್ಟರುಗಳು ನಗುತ್ತಾರೆ, ನಗಲಿ. ಅವರ ಅಮ್ಮಂದಿರು ಮನೆಯಲ್ಲಿ ಹೇಳುವುದೂ ಇದನ್ನೇ. ಇಸ್ಲಾವ್ ಕೋಲು ಹಿಡಿದ ದಿನದಿಂದ ಈ ವ್ರತ ಪಾಲಿಸಿದವನು. ಕೋಲಿನ ತುದಿಗೆ ಉಜ್ಜುವ ನೀಲಿ ಬಳಪದ ಪುಡಿ ಮೆತ್ತಿದ ಕೈಯಲ್ಲೇ ಮನೆಗೆ ಬಂದು, ಚಮಚದಲ್ಲಿ ಉಂಡು, ಹಾಗೇ ಮಲಗುತ್ತಿದ್ದ. ದಿಂಬಿನ ಚೀಲಗಳೆಲ್ಲ ನೀಲಿ.

"ನೊಂಗ್, ನಾನು ಕಟ್ಕೊಂಡಿದ್ದು ನಿಮ್ಮನ್ನೋ, ಬಳಪದ ಡಬ್ಬಾನೋ?" ಎಂದು ಸಾಲ್ವಿಂಗ್ ಒಗೆಯುವಾಗಲೆಲ್ಲ ಕೇಳುತ್ತಿದ್ದಳು. ನೊಂಗ್ ಎಂದರೆ ನಮ್ಮಲ್ಲಿ ಅಣ್ಣನೂ ಹೌದು, ಗಂಡನೂ ಹೌದು, ದನಿಯಿಂದ ತಿಳಿದುಕೊಳ್ಳಬೇಕು; ಮರ್ಯಾದೆಗೆ ಉದ್ದ ಮಾಡಿದರೆ ಮನೊಂಗ್.

ವ್ರತ ಮುರಿದದ್ದು ಒಂದೇ ಸಲ, ವರ್ಷಗಳ ಹಿಂದೆ. ಗೆಳೆಯನ ಮಗುವಿನ ದೀಕ್ಷಾಸ್ನಾನಕ್ಕೆ ಇಸ್ಲಾವ್ ಜ್ಞಾನತಂದೆ, ಕೂಸನ್ನು ಚರ್ಚಿನಲ್ಲಿ ಎತ್ತಿಕೊಳ್ಳಬೇಕಾದವನು. ಬೆಳಗಿನಿಂದ ಪಂದ್ಯ ಆಡಿ ನೇರ ಚರ್ಚಿಗೆ ಓಡಿಬಂದವನ ಕೈ ನೋಡಿ ಮಗುವಿನ ಅಜ್ಜಿ, "ಈ ಕೈಲಿ ಕೂಸನ್ನ ಮುಟ್ತೀಯಾ? ನಡಿ ನಲ್ಲಿ ಹತ್ರ" ಎಂದು ಗದರಿದಳು. ಅವನು ತೊಳೆದ. ತಣ್ಣನೆಯ ನೀರು ಮಣಿಕಟ್ಟಿನವರೆಗೆ ಹರಿದಾಗಲೇ ಎದೆ ಧಸಕ್ ಎಂದಿತ್ತಂತೆ. ಈಗ ನಡುಕ ಶುರುವಾದ ಮೇಲೆ ಅವನಿಗೆ ಕಾರಣ ಹುಡುಕಿಕೊಂಡು ಹೋಗಬೇಕಾಗಲಿಲ್ಲ. ಆ ಮಗುವಿನ ಮುಖ ನೋಡುವುದನ್ನಂತೂ ಅವನು ದೀಕ್ಷಾಸ್ನಾನದ ದಿನದಿಂದಲೇ ಬಿಟ್ಟಿದ್ದ. ಕ್ರಿಸ್‌ಮಸ್ಸಿಗೆ ಜ್ಞಾನತಂದೆಯ ಉಡುಗೊರೆಗೆ ಮಗು ಬಾಗಿಲಿಗೆ ಬಂದರೆ ಹಿತ್ತಿಲಲ್ಲಿ ಕೂತುಬಿಡುತ್ತಿದ್ದ. ಸ್ವಂತಕ್ಕೆ ಮಕ್ಕಳಿಲ್ಲದ ಮನುಷ್ಯ, ಇದ್ದೊಂದು ಕೂಸಿಗೆ ಹೆದರಿ ಅಡಗಿ ಕೂರುತ್ತಾನೆಂದರೆ ನಗುವುದೋ ಅಳುವುದೋ ನೀವೇ ಹೇಳಿ.

ನೀವಿ ವಾಸಿ ಮಾಡುವ ಬಾಸ್ಯಾ ಅಜ್ಜಿಯ ಬಳಿ ಕದ್ದು ಹೋದ. ಅವಳು ಉಪ್ಪು ಶುಂಠಿ ಹಾಕಿದ ಬಿಸಿನೀರಿನಲ್ಲಿ ಕೈ ಅದ್ದಿಸಿ, ಎಣ್ಣೆ ಹಚ್ಚಿ ಉಜ್ಜಿ, "ಪಾಸ್ಮಾ ಮೂಳೆಗೆ ಇಳಿದಿದೆ ಮಗಾ. ಪಂದ್ಯ ಇರೋ ವಾರ ಸ್ನಾನ ಮುಟ್ಟಬೇಡ" ಎಂದಳು. ಅವನು ಮುಟ್ಟಲಿಲ್ಲ. ನಮ್ಮ ಸೆಖೆಯಲ್ಲಿ ವಾರ ಸ್ನಾನವಿಲ್ಲದ ಗಂಡಸಿನ ಪಕ್ಕ ನಿಂತು ಗುರಿ ಇಡುವುದು ಎದುರಾಳಿಗೂ ಶಿಕ್ಷೆಯೇ. ಕೆಲವು ಆಟ ಅವನು ಹಾಗೆಯೇ ಗೆದ್ದ ಎನ್ನುವವರಿದ್ದಾರೆ. ಕೈ ಮಾತ್ರ ಕೇಳಲಿಲ್ಲ. ಒಂದು ದಿನ ಹೆಂಡತಿಯ ಅಂಗಡಿಯಲ್ಲಿ ಮುದಿ ತಾಯಿಯ ಪಕ್ಕ ಕೂತು ಬಾಚೋಯ್ ಕುಡಿಯುವಾಗ ಚಮಚ ಬಟ್ಟಲಿಗೆ ಟಿಣಿಟಿಣಿ ಬಡಿಯತೊಡಗಿತು. ಸಾಲ್ವಿಂಗ್ ತಿರುಗಿ ನೋಡುವುದರೊಳಗೆ ಬಟ್ಟಲನ್ನೇ ಎತ್ತಿ ಕುಡಿದು ನಾಲಿಗೆ ಸುಟ್ಟುಕೊಂಡ.

ಮೇಜಿನ ಮುಂದೆ ಇನ್ನೂ ಕಷ್ಟ. ಮೊದಲ ಸಲ ಕೋಲು ಹಿಂದಕ್ಕೆಳೆದಾಗ ಕೈ ಸುಮ್ಮನಿರುತ್ತಿತ್ತು, ಎರಡನೆಯ ಸಲಕ್ಕೆ ಬೆರಳ ತುದಿ ಮಿಸುಕುತ್ತಿತ್ತು, ಮೂರನೆಯದಕ್ಕೆ ಕೋಲಿನ ತುದಿಯೇ ಬಿಳಿ ಚೆಂಡಿನ ಮುಂದೆ ತಲೆ ಆಡಿಸುತ್ತಿತ್ತು. ಅದಕ್ಕೆ ಅವನು ಕಂಡುಕೊಂಡ ಉಪಾಯ ಒಂದೇ: ನಡುಕ ಬರುವ ಮೊದಲೇ ಹೊಡೆದುಬಿಡುವುದು. ಬಗ್ಗಿದ, ಹೊಡೆದ, ಎದ್ದ. ಸಾವಿಗೆ ಹೆದರಿ ಓಡುವವನ ವೇಗ ಅದು. ಜನ ಅದನ್ನು ಧೈರ್ಯ ಎಂದುಕೊಂಡರು. ಪಂದ್ಯಗಳನ್ನು ಫೋನಿನಲ್ಲಿ ತೋರಿಸುವ ಹುಡುಗರು, "ನೋಡಿ ನೋಡಿ, ಹಿನಾಯ್ ಮಿಂಚಾಗಿದ್ದಾರೆ, ಈ ವಯಸ್ಸಿನಲ್ಲಿ ಎಂಥ ಗುಂಡಿಗೆ" ಎಂದು ಕೂಗಿದರು.

ಅವನ ಪಂದ್ಯಗಳನ್ನು ಗೊತ್ತು ಮಾಡುತ್ತಿದ್ದವನು ತೆಯೋಯ್. ಓಣಿಯ ಪೂಲ್ ಮನೆಯ ಯಜಮಾನ, ಎಪ್ಪತ್ತರ ಮುದುಕ, ಇಸ್ಲಾವ್‌ಗೆ ಆಟ ಕಲಿಸಿದವನೂ ಅವನೇ. "ಏನೋ ಇಸ್ಲಾವ್, ಹಲ್ಲು ಬೀಳೋ ಕಾಲಕ್ಕೆ ಬುದ್ಧಿ ಬಂತಾ?" ಎಂದು ಬೆನ್ನಿಗೆ ಗುದ್ದಿದ. "ಮೊದ್ಲು ನೀನು ಒಂದು ಚೆಂಡು ಹೊಡೆಯೋದ್ರೊಳಗೆ ನಾನು ಮೀನು ತಂದು ಸಾರು ಮಾಡಿ ಉಂಡು ಬರಬಹುದಾಗಿತ್ತು. ಈಗ ಉಗುಳು ನುಂಗೋಕೂ ಪುರುಸೊತ್ತು ಕೊಡಲ್ವಲ್ಲೋ."

"ಹಾಗೇ ನೊಂಗ್, ವಯಸ್ಸಾಯ್ತಲ್ಲ, ಬೇಗ ಮನೆಗೆ ಹೋಗ್ಬೇಕು" ಎಂದು ನಕ್ಕ ಇಸ್ಲಾವ್. ನಗುವಾಗ ಕೈ ಜೇಬಿನಲ್ಲಿತ್ತು. ಆ ವರ್ಷವಿಡೀ ಅದು ಜೇಬಿನಲ್ಲೇ ಇತ್ತು. ಹೊಗಳಿಕೆ ಹೆಚ್ಚಿದಂತೆಲ್ಲ ಅವನಿಗೆ ಭಯ ಹೆಚ್ಚಿತು. ಬಿದ್ದರೆ ಇಷ್ಟು ಜನರ ಕಣ್ಣೆದುರು ಬೀಳಬೇಕಲ್ಲ ಎಂದು ಹಗಲಿಡೀ ಅದೇ ಯೋಚನೆ.

ಆಯ್ಕೆಗೆ ಹೆಸರು ಕೊಡಲು ಡಾಕ್ಟರ ಸರ್ಟಿಫಿಕೇಟು ಬೇಕಾಯಿತು. ಆಸ್ಪತ್ರೆಯಲ್ಲಿ ಇದ್ದದ್ದು ಚಿಕ್ಕ ವಯಸ್ಸಿನ ಡಾಕ್ಟರಮ್ಮ. ನಾಡಿ ಹಿಡಿಯಲು ಕೈ ತೆಗೆದುಕೊಂಡವಳು ಬಿಡಲೇ ಇಲ್ಲ. ಒಂದು ಲೋಟದಿಂದ ಇನ್ನೊಂದಕ್ಕೆ ನೀರು ಸುರಿಯಿರಿ ಎಂದಳು. ಅರ್ಧ ಮೇಜಿನ ಮೇಲೆ ಹೋಯಿತು.

"ಪಾಸ್ಮಾ ಡಾಕ್ಟ್ರೇ. ಒಂದ್ಸಲ ಕೈ ತೊಳ್ಕೊಂಡುಬಿಟ್ಟೆ" ಎಂದ ಇಸ್ಲಾವ್, ಕಳ್ಳತನ ಒಪ್ಪಿಕೊಳ್ಳುವವನ ಹಾಗೆ.

"ಕೈ ತೊಳೆದ್ರೆ ಕೈ ಸ್ವಚ್ಛ ಆಗುತ್ತೆ ಮನೊಂಗ್, ಇನ್ನೇನೂ ಆಗಲ್ಲ" ಎಂದಳು ಅವಳು. "ಕುಡೀತೀರಾ?"

"ತುಟಿಗೂ ಸೋಕಿಸಲ್ಲ."

"ಮನೇಲಿ ಬೇರೆ ಯಾರಿಗಾದ್ರೂ ಹೀಗೆ ನಡುಗ್ತಿತ್ತಾ?"

"ನಮ್ಮಪ್ಪನಿಗೆ. ಅವನದು ಬಿಡಿ, ಹೆಂಡದ ನಡುಕ."

"ಕುಡಿದಾಗ ನಡುಗ್ತಿತ್ತಾ? ಕುಡೀದೇ ಇದ್ದಾಗ ನಡುಗ್ತಿತ್ತಾ?"

ಇಸ್ಲಾವ್ ಚೆಲ್ಲಿದ ನೀರನ್ನು ಅಂಗಿಯ ತುದಿಯಿಂದ ಒರೆಸತೊಡಗಿದ. ಅವನ ಅಪ್ಪ ಅಂಬೋಯ್ ಕ್ಷೌರದವನು. ತೆಯೋಯ್‌ನ ಪೂಲ್ ಮನೆಗೆ ಅಂಟಿಕೊಂಡೇ ಅವನ ಅಂಗಡಿ. ಸರದಿ ಕಾಯುವ ಗಂಡಸರು ಪಕ್ಕದಲ್ಲಿ ಪೂಲ್ ಆಡುತ್ತಿದ್ದರು. ಅವರನ್ನು ಕರೆಯಲು ಹೋಗಿ ಹೋಗಿಯೇ ಇಸ್ಲಾವ್‌ಗೆ ಆ ಆಟ ಹತ್ತಿದ್ದು. ಅಪ್ಪ ಕುಡುಕ ಎಂದು ಇಡೀ ಓಣಿಗೆ ಗೊತ್ತಿತ್ತು. ಗಿರಾಕಿಗಳ ಕೆನ್ನೆ ಗೀರಿ, ಕಿವಿ ಗೀರಿ, ಕಡೆಗೆ ಅಂಗಡಿ ಮುಚ್ಚಿ, ಹೆಂಡದಲ್ಲೇ ಸತ್ತ. ಆ ಮನುಷ್ಯನ ಹಾಗೆ ಆಗಬಾರದೆಂದೇ ಇಸ್ಲಾವ್ ಗೆದ್ದ ದಿನ ಗೆಳೆಯರು ಕೊಟ್ಟ ಲೋಟವನ್ನೂ ಭೂತಗಳ ಪಾಲು ಎಂದು ನೆಲಕ್ಕೆ ಸುರಿದುಬಿಡುತ್ತಿದ್ದ. ಈಗ ಡಾಕ್ಟರಮ್ಮನ ಮುಂದೆ ಕೂತವನಿಗೆ ಬೆಳಗಿನ ಹೊತ್ತಿನ ಅಪ್ಪ ಕಣ್ಣಿಗೆ ಬಂದ. ಕತ್ತಿ ಮಸೆಯುವಾಗ ಕೈ ತಟತಟ ಅಲುಗುತ್ತಿತ್ತು. ಕನ್ನಡಿಯ ಹಿಂದಿನ ಕುಡಿಕೆಯಿಂದ ಒಂದು ಗುಟುಕು ತೆಂಗಿನ ಹೆಂಡ ಇಳಿದ ಮೇಲೆ ಅದೇ ಕೈ ಬೆಣ್ಣೆಯಲ್ಲಿ ಹರಿದಂತೆ ಹರಿಯುತ್ತಿತ್ತು.

"ಇದು ವಂಶದಿಂದ ಬರೋ ನಡುಕ" ಎಂದಳು ಡಾಕ್ಟರಮ್ಮ. "ಪ್ರಾಣಕ್ಕೇನೂ ಭಯ ಇಲ್ಲ. ಆದ್ರೆ ಹೋಗೋದೂ ಇಲ್ಲ. ಮಾತ್ರೆ ಕೊಡ್ತೀನಿ, ಹತೋಟಿಗೆ ಬರುತ್ತೆ." ಆಮೇಲೆ ಅರ್ಜಿಯಲ್ಲಿ ಅವನ ಕಸುಬು ನೋಡಿ ಪೆನ್ನು ಕೆಳಗಿಟ್ಟಳು. "ನೀವು ಪೂಲ್ ಆಡೋರಾ? ಹಾಗಾದ್ರೆ ಈ ಮಾತ್ರೆ ನಿಮ್ಮಲ್ಲಿ ನಿಷೇಧ ಮನೊಂಗ್. ಕೈ ನಿಲ್ಲಿಸೋ ಔಷಧಿ ಅಂತಲೇ ನಿಷೇಧ. ತಗೊಂಡು ಆಡಿದ್ರೆ ಮೋಸ ಮಾಡಿದ ಹಾಗೆ. ನಿಮ್ಮಂಥೋರಿಗೆ ಅಂತ ರಿಯಾಯಿತಿನೂ ಇಲ್ಲ, ಈ ಆಟದಲ್ಲಿ ಯಾರಿಗೂ ಕೊಡೋದು ನಾನು ಕೇಳಿಲ್ಲ."

ಆಡುವುದಕ್ಕೆ ಅಡ್ಡಿಯಿಲ್ಲ ಎಂದು ಸರ್ಟಿಫಿಕೇಟು ಬರೆದುಕೊಟ್ಟಳು. ಮಾತ್ರೆಯ ಚೀಟಿಯನ್ನೂ ಕೊಟ್ಟಳು, ಯಾವುದನ್ನು ಬಳಸುತ್ತೀರೋ ನಿಮಗೆ ಬಿಟ್ಟದ್ದು ಎಂದು. ದಾರಿಯಲ್ಲಿ ಇಸ್ಲಾವ್ ಜ್ಞಾನಪುತ್ರನ ಮನೆಗೆ ಹೋಗಿ, ಗೇಟಿನಲ್ಲೇ ನಿಂತು, ಹಳೆಯ ಕ್ರಿಸ್‌ಮಸ್‌ಗಳೆಲ್ಲದರ ಬಾಬ್ತು ಎಂದು ಒಂದು ಬ್ಯಾಸ್ಕೆಟ್‌ಬಾಲು ಕೊಟ್ಟು ಬಂದ. ಆ ಮಗು ಅಷ್ಟು ಹೊತ್ತಿಗೆ ಅವನ ಭುಜದೆತ್ತರ ಬೆಳೆದಿತ್ತು. ಸಾಲ್ವಿಂಗ್‌ಗೆ ಅವನು ಏನನ್ನೂ ಹೇಳಲಿಲ್ಲ. ಹೇಳಿದರೆ ನಡುಕ ನಿಜವಾಗಿಬಿಡುತ್ತದೆ ಎಂಬ ಹೆದರಿಕೆ.

ಮೊದಲ ಸುತ್ತಿನ ಆಯ್ಕೆ ನಮ್ಮೂರ ಮಾಲ್‌ನಲ್ಲೇ, ಹಾಡುಹಗಲು, ಐಸ್‌ಕ್ರೀಮು ತಿನ್ನುವ ಸಂಸಾರಗಳ ನಡುವೆ ನಡೆಯಿತು. ಆಟಕ್ಕೆ ಮುಂಚೆ ಅಭ್ಯಾಸಕ್ಕೆ ನಿಂತಾಗ ಮೊದಲನೆಯ ಎಳೆತಕ್ಕೇ ಕೋಲು ಅಲುಗಿತು. ನಡುಕ ಬರುವ ಮೊದಲು ಹೊಡೆಯೋಣ ಎಂದರೆ ಅದು ಅವನಿಗಿಂತ ಮೊದಲೇ ಬಂದು ಕೂತಿತ್ತು. ಚೀಲದ ತಳದಲ್ಲಿ ಅಡಿಗೆಮನೆಯಿಂದ ಎತ್ತಿಕೊಂಡ, ಸಾರಿಗೆ ಹನಿಸುವ ಮೀನುಸಾರದ ಬಾಟಲಿಯೊಂದಿತ್ತು, ಅದರಲ್ಲಿದ್ದದ್ದು ರಮ್ಮು. ಹೌದು, ಮನೆಯಿಂದಲೇ ತುಂಬಿಸಿ ತಂದಿದ್ದ. ಬಳಸುವುದಿಲ್ಲ, ಸುಮ್ಮನೆ ಇರಲಿ ಎಂದು ತನಗೆ ತಾನೇ ಹೇಳಿಕೊಂಡಿದ್ದ. ಈ ನಿಷೇಧದ ಪಟ್ಟಿಗೆ ರಮ್ಮಿನ ಚಿಂತೆಯಿಲ್ಲ ಎನ್ನುವುದನ್ನು ಅವನು ಆಗಲೇ ವಿಚಾರಿಸಿಕೊಂಡಿದ್ದ. ಮೆಟ್ಟಿಲ ಹಿಂದೆ ನಿಂತು, ಕಣ್ಣು ಮುಚ್ಚಿ ಎರಡು ಗುಟುಕು ನುಂಗಿದ. ಗಂಟಲು ಉರಿಯಿತು, ಮೀನಿನ ವಾಸನೆಗೆ ಮೂಗು ಹಿಡಿದುಕೊಂಡ.

ಹೆಸರು ಕೂಗಿದರು. ಬಗ್ಗಿದ. ಕೋಲನ್ನು ಹಿಂದಕ್ಕೆಳೆದ, ಮುಂದೆ ತಂದ, ಮತ್ತೆ ಎಳೆದ. ಕೈ ಉಂಡು ಮಲಗಿದ ಮಗುವಿನ ಹಾಗೆ ಸುಮ್ಮನಿತ್ತು. ವರ್ಷದ ಮೇಲೆ ಮೊದಲ ಬಾರಿಗೆ ಅವನು ನಿಧಾನವಾಗಿ ಆಡಿದ. ಚೆಂಡುಗಳು ಒಂದರ ಹಿಂದೊಂದು ಪಾಕೆಟ್ಟಿಗೆ ಇಳಿದವು. ಎದುರಾಳಿ ಕುರ್ಚಿಯಲ್ಲಿ ಆಕಳಿಸಿದ. ತೆಯೋಯ್ ಜನರ ನಡುವಿನಿಂದ ಎರಡೂ ಕೈ ಎತ್ತಿ ಕುಣಿದ. ಗೆದ್ದು ಕೋಲು ಬಿಚ್ಚುವಾಗ ಇಸ್ಲಾವ್‌ಗೆ ಆದದ್ದು ಸಂತೋಷವಲ್ಲ, ದಿಗಿಲು. ಅದು ಇಷ್ಟು ಚೆನ್ನಾಗಿ ಕೆಲಸ ಮಾಡಬಾರದಿತ್ತು. ಮರುದಿನದ ಆಟಕ್ಕೆ ಮುಂಚೆ ಅವನು ಕಣ್ಣು ಮುಚ್ಚಲಿಲ್ಲ, ಮೂಗೂ ಹಿಡಿಯಲಿಲ್ಲ. ಅದನ್ನೂ ಗೆದ್ದ. ಉಳಿದದ್ದು ಮನಿಲಾದ ಕೊನೆಯ ಸುತ್ತು, ಇನ್ನೊಂದು ವಾರಕ್ಕೆ.

ನಡುವೆ ಭಾನುವಾರ ಬಂತು. ಚರ್ಚಿನ ಪೂಜೆ ಮುಗಿಸಿ ಎಲ್ಲರೂ ಮನೆಗೆ ಬಂದಿದ್ದರು. ಸಾಲ್ವಿಂಗ್ ಒಲೆಯ ಮೇಲೆ ತೊಗರಿಕಾಳು, ಹಲಸಿನಕಾಯಿ, ಹಂದಿಮಾಂಸ ಬೇಯಿಸುತ್ತಿದ್ದಳು. ಇಸ್ಲಾವ್‌ನ ತಾಯಿ ಕೊನ್ಸಿಂಗ್, ಎಂಬತ್ತು ದಾಟಿದವಳು, ಹಿತ್ತಿಲ ಬಾಗಿಲಲ್ಲಿ ಕೂತು ನುಗ್ಗೆಸೊಪ್ಪು ಬಿಡಿಸುತ್ತಿದ್ದಳು. ಊಟಕ್ಕೆ ತಟ್ಟೆ ಇಡಬೇಕು, ಹೆಂಡತಿಯ ಮುಂದೆ ಅನ್ನ ಬಡಿಸಬೇಕು ಎಂದುಕೊಂಡ ಕೂಡಲೇ ಕೈ ಶುರುಮಾಡಿತು. ಇಸ್ಲಾವ್ ನೀರಿನ ಹಂಡೆಯ ಹಿಂದಕ್ಕೆ ಹೋಗಿ ಬಾಟಲಿಯ ಬಿರಟೆ ತಿರುಗಿಸಿದ.

"ಇವತ್ತು ಯಾರ ಗಡ್ಡ ಕಣೋ?" ಎಂದಳು ತಾಯಿ.

ಅವಳು ತಲೆ ಎತ್ತಿರಲಿಲ್ಲ. ಸೊಪ್ಪು ಬಿಡಿಸುತ್ತಲೇ ಇದ್ದಳು. ಇಸ್ಲಾವ್ ಬಿರಟೆಯನ್ನು ಮತ್ತೆ ತಿರುಗಿಸಿ ಮುಚ್ಚಿದ.

"ಏನಮ್ಮಾ?"

"ನಿಮ್ಮಪ್ಪನ್ನ ಹೀಗೇ ಕೇಳ್ತಿದ್ದೆ. ಮೊದಮೊದ್ಲು ಗಡ್ಡಕ್ಕೊಂದು ಗುಟುಕು. ಪಾದ್ರಿಗಳ ಗಡ್ಡ ಕೊನ್ಸಿಂಗ್, ಮೇಷ್ಟ್ರ ಗಡ್ಡ ಕೊನ್ಸಿಂಗ್, ಅಂತ ಹೇಳಿ ಕುಡೀತಿದ್ದ. ನಾನೇ ಬಗ್ಗಿಸಿ ಕೊಡ್ತಿದ್ದೆ. ಆಮೇಲೆ ಒಂದು ಭಾನುವಾರ ಅಂಗಡಿ ಬಾಗಿಲು ಹಾಕಿತ್ತು, ಲೋಟ ಮಾತ್ರ ಕೈಲಿತ್ತು. ಇವತ್ತು ಯಾರ ಗಡ್ಡ ಅಂದೆ. ಅವನಿಗೆ ಹೇಳೋಕೆ ಬರ್ಲಿಲ್ಲ."

ಇಸ್ಲಾವ್ ಹಂಡೆಯನ್ನು ಹಿಡಿದುಕೊಂಡ. "ನಿಂಗೆ ಗೊತ್ತಿತ್ತಾ? ಅವನು ಯಾಕೆ ಕುಡೀತಿದ್ದ ಅಂತ?"

"ಹೆಂಡ್ತಿಗೆ ಗೊತ್ತಿರಲ್ವೇನೋ?"

"ಮತ್ತೆ ಊರೋರ ಮುಂದೆ ಕುಡುಕ, ಕುಡುಕ ಅಂತ ನೀನೇ ಬೈತಿದ್ಯಲ್ಲಮ್ಮಾ. ನಾನೂ ಹಾಗೇ ಅಂದ್ಕೊಂಡೇ ಬೆಳೆದೆ."

ಮುದುಕಿ ಕಡ್ಡಿಗಳನ್ನು ಒಂದು ಕಡೆ ಸರಿಸಿದಳು. "ಕುಡುಕ ನಾಳೆ ಕುಡಿತ ಬಿಡಬಹುದು ಅಂತ ಗಿರಾಕಿಗೆ ಆಸೆ ಇರುತ್ತೆ, ತಿರುಗಿ ಬರ್ತಾನೆ. ಕೈಯೇ ರೋಗದ ಕೈ ಅಂತ ಗೊತ್ತಾದ್ರೆ ಯಾರೋ ಕತ್ತು ಕೊಡ್ತಾರೆ? ಅವನೇ ಹೇಳಿದ್ದು, ಬೈಯಿ, ಜೋರಾಗಿ ಬೈಯಿ, ಎಲ್ರಿಗೂ ಕೇಳ್ಲಿ ಅಂತ. ಬೈದೆ. ಕಡೆಕಡೆಗೆ ಅದು ನಿಜವೇ ಆಗೋಯ್ತು." ಸೆರಗಿನಂತೆ ಹೆಗಲ ಮೇಲಿದ್ದ ಟವಲಿನಿಂದ ಮುಖ ಒರೆಸಿಕೊಂಡಳು. "ನಿನ್ನ ಚಮಚದ ಸದ್ದು ಕೇಳಿದ ದಿನದಿಂದ ನಂಗೆ ಊಟ ಸೇರ್ತಿಲ್ಲ ಇಸ್ಲಾವ್. ಭಯ ಆಗ್ತದೆ."

ಒಲೆಯ ಮುಂದೆ ಸಾಲ್ವಿಂಗ್ ಸೌಟು ಹಿಡಿದು ನಿಂತಿದ್ದಳು. ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಮೀನುಸಾರ ವಾರದಿಂದ ಕಾಣೆಯಾಗಿದೆ ಎಂದು ತಾನು ಬೆಕ್ಕನ್ನು ಬೈದದ್ದು ನೆನಪಾಗಿ, ಅವಳಿಗೆ ನಗು ಬರುವುದರ ಬದಲು ಅಳು ಬಂತು. ಬಂದು ಗಂಡನ ಕೈಯನ್ನು ಹಿಡಿದುಕೊಂಡಳು. ಅದು ಅವಳ ಮುಷ್ಟಿಯೊಳಗೂ ನಡುಗಿತು.

"ಮಾತ್ರೆ ಇದೆಯಂತೆ ಇಂದೈ" ಎಂದ ಇಸ್ಲಾವ್, ಹೆಂಡತಿಯನ್ನು ಮುದ್ದಿನಿಂದ ಕರೆಯುವ ಹೆಸರಿನಲ್ಲೇ. "ತಗೊಂಡ್ರೆ ಆಟ ಹೋಗುತ್ತೆ."

"ತಗೊಳ್ದಿದ್ರೆ?"

ಅವನು ಬಾಟಲಿಯನ್ನು ನೋಡಿದ. ಆ ದಿನ ಪಂದ್ಯವಿರಲಿಲ್ಲ, ಅಭ್ಯಾಸವೂ ಇರಲಿಲ್ಲ, ಅನ್ನ ಬಡಿಸುವುದಷ್ಟೇ ಇತ್ತು. ದೇಶದ ಅಂಗಿ ಕೈತಪ್ಪುವುದಕ್ಕಿಂತ ದೊಡ್ಡ ಹೆದರಿಕೆಯೊಂದು ಇದೆ ಎಂದು ಅವನಿಗೆ ಆಗ ಗೊತ್ತಾಯಿತು. ಬಾಟಲಿಯನ್ನು ಹೆಂಡತಿಯ ಕೈಗೆ ಕೊಟ್ಟು, ಊಟವನ್ನೂ ಮಾಡದೆ, ಚಪ್ಪಲಿ ಮೆಟ್ಟಿ ಹೊರಟ.

ತೆಯೋಯ್‌ನ ಪೂಲ್ ಮನೆ ಭಾನುವಾರ ಮಧ್ಯಾಹ್ನ ತುಂಬಿರುತ್ತದೆ. ಮೂರು ಮೇಜು, ಗೋಡೆಗೊರಗಿದ ಮುದುಕರು, ಹೊಗೆ, ಹರಟೆ. ಇಸ್ಲಾವ್ ಒಳಗೆ ಬಂದದ್ದೇ ತಡ, "ಬಂದ ನೋಡ್ರಪ್ಪಾ ಮನಿಲಾ ಸಾಹೇಬ. ಕೋಲು ಎಲ್ಲೋ?" ಎಂದು ತೆಯೋಯ್ ಕೂಗಿದ.

ಇಸ್ಲಾವ್ ನಡುವಿನ ಮೇಜಿನ ಬಳಿ ನಿಂತ. ಇವರಲ್ಲಿ ಯಾರು ಮೊದಲು ನಗುತ್ತಾರೆ ಎಂದು ಲೆಕ್ಕ ಹಾಕಿದ, ಓಡಿಹೋಗೋಣ ಎಂದೂ ಅನಿಸಿತು. ಆಮೇಲೆ ಜೇಬಿನಿಂದ ಬಲಗೈ ತೆಗೆದು, ದೀಪದ ಕೆಳಗೆ, ಹಸಿರು ಬಟ್ಟೆಯ ಮೇಲೆ ಚಾಚಿದ. ಬೆರಳುಗಳು ಎಲ್ಲರಿಗೂ ಕಾಣುವಂತೆ ಅಲುಗಿದವು. ಪಕ್ಕದ ಮೇಜಿನವರು ಆಟ ನಿಲ್ಲಿಸಿದರು.

"ಏನೋ ಇದು? ಪಾಸ್ಮಾನಾ?" ಎಂದ ತೆಯೋಯ್.

"ಅಲ್ಲ ನೊಂಗ್. ವಂಶದಿಂದ ಬಂದಿದ್ದು. ನಾಳೆಯಿಂದ ಮಾತ್ರೆ ಶುರು ಮಾಡ್ತೀನಿ. ಅದು ಆಟದಲ್ಲಿ ನಡೆಯಲ್ಲ. ಮನಿಲಾಕ್ಕೆ ಹೇಳಿ, ನನ್ನ ಹೆಸರು ತೆಗೀರಿ."

"ತಲೆ ಕೆಟ್ಟಿದೆಯಾ ನಿಂಗೆ? ನಿನ್ನೆ ಮೊನ್ನೆ ಹೇಗೆ ಆಡ್ದೆ?"

"ಕುಡಿದು ಆಡ್ದೆ."

ತೆಯೋಯ್ ಕುರ್ಚಿಯಲ್ಲಿ ಕೂತ. ಮೇಜಿನಂಚಿನ ಬಳಪ ಎತ್ತಿ ಮತ್ತೆ ಅಲ್ಲೇ ಇಟ್ಟ. "ಆಟ ಬಿಟ್ಟು ಏನೋ ಮಾಡ್ತೀಯಾ ನೀನು?" ಎಂದು ಕಡೆಗೆ ಕೇಳಿದ. "ಹೆದರಿಕೆ ಆಗಲ್ವಾ?"

"ಆಗ್ತಿದೆ ನೊಂಗ್. ತುಂಬಾ ಆಗ್ತಿದೆ."

ಗೋಡೆಗೊರಗಿದ್ದ ಒಬ್ಬ ಮುದುಕ, ಅಂಬೋಯ್ ಕೈಯಲ್ಲಿ ಎಷ್ಟೋ ವರ್ಷ ಗಡ್ಡ ಹೆರೆಸಿಕೊಂಡವನು, "ಅಪ್ಪನ ರಕ್ತ ಕಣ್ರೋ, ಎಲ್ಲಿಗೆ ಹೋಗುತ್ತೆ" ಎಂದು ಗೊಣಗಿದ.

ಇಸ್ಲಾವ್ ಅವನ ಕಡೆ ತಿರುಗಿದ. "ಹೌದು, ಅಪ್ಪನ ರಕ್ತವೇ. ನಮ್ಮಪ್ಪ ಕುಡಿದು ನಡುಗ್ತಿರ್ಲಿಲ್ಲ. ನಡುಗ್ತಿದ್ದ, ಅದಕ್ಕೇ ಕುಡೀತಿದ್ದ. ನಿಮ್ಮ ಕತ್ತು ಕುಯ್ದುಬಿಟ್ಟೇನು ಅಂತ ಹೆದರಿ ಕುಡೀತಿದ್ದ."

ಯಾರೂ ನಗಲಿಲ್ಲ. ಮುದುಕ ತನ್ನ ಗದ್ದ ಸವರಿಕೊಂಡು ನೆಲ ನೋಡಿದ. ಇಸ್ಲಾವ್ ಕೈಯನ್ನು ಮೇಜಿನ ಮೇಲಿಂದ ತೆಗೆಯಲಿಲ್ಲ. ಅದು ನಡುಗುತ್ತಲೇ ಇತ್ತು, ಎಲ್ಲರೂ ನೋಡುತ್ತಲೇ ಇದ್ದರು.